ವಿನೋದಿನಿಯ ಕೈಗುಣ

ಕೈಗುಣ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಡಾಕ್ಟರ ಕೈಗುಣ, ಅಡುಗೆಯವಳ ಕೈಗುಣ, ಉಪ್ಪಿನಕಾಯಿ ಹಾಕುವ ಸೋದರತ್ತೆಯ ಕೈಗುಣ, ಯಾರದ್ದೂ ಬೇಡ. ಮಾಡುವ ಕೆಲಸಕ್ಕೆ ಒಂದು ಕ್ರಮ ಇರುತ್ತದೆ, ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಇಷ್ಟನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲದವರು ಕೈಗುಣದ ಮಾತಾಡುತ್ತಾರೆ. ನನ್ನ ಎರಡೂ ಕೈಗಳನ್ನು ನಾನೇ ಶಪಿಸಿಕೊಂಡು ಒಂದು ಮಳೆಗಾಲವಿಡೀ ಓಡಾಡಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಎಂಬತ್ತಾರನೇ ಇಸವಿ. ಚೆಂಬೂರಿನಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಗೋಧಿ ಸಂಶೋಧನಾ ಕೇಂದ್ರದಲ್ಲಿ ನನಗೆ ಕೆಲಸ. ಕೇಂದ್ರ ಅಂದರೆ ದೊಡ್ಡದೇನಲ್ಲ, ಒಂದು ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ನಾಲ್ಕು ಕೋಣೆ. ಕಿಟಕಿ ತೆರೆದರೆ ರಿಫೈನರಿಯ ವಾಸನೆ, ಮುಚ್ಚಿದರೆ ಸ್ಪಿರಿಟ್ಟಿನ ವಾಸನೆ. ಮುಂಬಯಿಯಲ್ಲಿ ಗೋಧಿಯ ಹೊಲ ಎಲ್ಲಿದೆಯಮ್ಮ ಎಂದು ಬಂದ ನೆಂಟರೆಲ್ಲ ನಗುತ್ತಿದ್ದರು. ನಮಗೆ ಹೊಲ ಬೇಕಿರಲಿಲ್ಲ. ಗೋಧಿ ಕಾಳಿನೊಳಗಿನ ಭ್ರೂಣವನ್ನು ಚಿಮಟದಿಂದ ಬಿಡಿಸಿ, ಸಕ್ಕರೆ, ಲವಣ, ಒಂದೆರಡು ಔಷಧಿ ಬೆರೆಸಿ ಗಟ್ಟಿ ಮಾಡಿದ ಅಗರ್ ಎಂಬ ಲೋಳೆಯ ಮೇಲೆ ಗಾಜಿನ ಫ್ಲಾಸ್ಕಿನಲ್ಲಿಟ್ಟರೆ, ಕೆಲವು ವಾರಗಳಲ್ಲಿ ಅದು ಎಲೆ ಬೇರು ಯಾವುದೂ ಇಲ್ಲದ, ಕಲಸಿದ ಕಡಲೆಹಿಟ್ಟಿನಂಥ ಒಂದು ಗಂಟಾಗುತ್ತದೆ. ಅದಕ್ಕೆ ಕ್ಯಾಲಸ್ ಎನ್ನುತ್ತೇವೆ.

ಆ ಗಂಟನ್ನು ತುಂಡು ಮಾಡಿ ಉಪ್ಪು ಬೆರೆಸಿದ ಅಗರಿಗೆ ಹಾಕುವುದೇ ಪರೀಕ್ಷೆ. ಒಂದು ಸಾಲು ಫ್ಲಾಸ್ಕಿಗೆ ಉಪ್ಪಿಲ್ಲ, ಮುಂದಿನದಕ್ಕೆ ಸ್ವಲ್ಪ, ಅದರಾಚೆಯದಕ್ಕೆ ಬಾಯಿಗಿಟ್ಟರೆ ಉಗಿಯುವಷ್ಟು. ತಡೆಯಲಾರದ ತಳಿ ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ತಡೆಯುವ ತಳಿ ಹಳದಿಯಾಗಿಯೇ ಉಳಿದು, ಬೆಳಕಿಗಿಟ್ಟಾಗ ಹಸಿರು ಚುಕ್ಕೆ ಬಿಡುತ್ತದೆ. ಫ್ಲಾಸ್ಕಿನಲ್ಲಿ ಗೆದ್ದದ್ದೆಲ್ಲ ಹೊಲದಲ್ಲಿ ಗೆಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಫ್ಲಾಸ್ಕಿನಲ್ಲೇ ಸತ್ತದ್ದನ್ನು ಯಾರದೋ ಹೊಲಕ್ಕೆ ಕಳಿಸುವ ಮೊದಲು ಹತ್ತು ಸಲ ಯೋಚಿಸಬೇಕು.

ನಮ್ಮ ಮುಖ್ಯಸ್ಥರು ಡಾಕ್ಟರ್ ಹಿರಿಯಣ್ಣ. ನನ್ನ ಅಪ್ಪ ಶಾಮಣ್ಣನವರ ಜೊತೆ ಮೈಸೂರಿನ ಹಾಸ್ಟೆಲಿನಲ್ಲಿ ಓದಿದವರು. ತಿಂಗಳಿಗೊಂದು ಭಾನುವಾರ ಆಂಟಾಪ್ ಹಿಲ್ಲಿನ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬಂದು, ಅಮ್ಮ ಮಾಡಿದ ಬಿಸಿಬೇಳೆಬಾತು ಎರಡನೇ ಸಲ ಬಡಿಸಿಕೊಂಡು, ‘ನಮ್ಮ ಕಡೆ ಊಟ ಅಂದ್ರೆ ಇದಪ್ಪಾ’ ಎಂದು ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು. ನನಗೆ ಕೆಲಸ ಕೊಟ್ಟವರೂ ಅವರೇ. ಜೀವಮಾನದ ಅರ್ಧ ಸವೆಸಿ ಅವರು ಒಂದು ಗೋಧಿ ತಳಿ ಮಾಡಿದ್ದರು. ಅದಕ್ಕೆ ತೀರಿಕೊಂಡ ತಾಯಿಯ ಹೆಸರಿಟ್ಟಿದ್ದರು, ಕೌಸಲ್ಯಾ ಎಂದು. ತಪ್ಪಾದದ್ದು ಅಲ್ಲೇ. ಬೀಜಕ್ಕೆ ಹೆತ್ತ ತಾಯಿಯ ಹೆಸರಿಟ್ಟ ಮೇಲೆ ಅದನ್ನು ಪರೀಕ್ಷೆ ಮಾಡುವವರು ಯಾರು, ಅದು ಫೇಲಾಯಿತು ಎಂದು ಬಾಯಿಬಿಟ್ಟು ಹೇಳುವವರು ಯಾರು?

ಕೌಸಲ್ಯಾ ಉಪ್ಪು ತಡೆಯುತ್ತದೆ ಎಂದು ಪರೀಕ್ಷೆಗೆ ಮೊದಲೇ ಅವರು ಟ್ರಸ್ಟಿಗಳಿಗೆ ಮಾತು ಕೊಟ್ಟಾಗಿತ್ತು. ಮಲಪ್ರಭೆಯ ಕಾಲುವೆ ಬಂದ ಮೇಲೆ ನೀರು ಹೆಚ್ಚಾಗಿ, ಉಪ್ಪು ಮೇಲೆದ್ದು ಬೆಳ್ಳಗಾದ ಹೊಲಗಳಿಗೆ ಆ ಹಿಂಗಾರಿನಲ್ಲೇ ಕೌಸಲ್ಯಾ ಬೀಜ ಹಂಚುವುದು ಎಂದು ನಿಶ್ಚಯವಾಗಿತ್ತು. ಅಂಥ ಹೊಲದವರಲ್ಲಿ ಒಬ್ಬ ಈರಣ್ಣ, ನಮ್ಮಲ್ಲಿ ಫ್ಲಾಸ್ಕು ತೊಳೆಯುತ್ತಿದ್ದ ಮಲ್ಲವ್ವನ ತಮ್ಮ. ಮಲ್ಲವ್ವ ಊರಿಗೆ ಹೋದಾಗ ಅವನು ತಲೆತಲಾಂತರದಿಂದ ಬಿತ್ತುತ್ತಿದ್ದ ಜವೆ ಗೋಧಿಯನ್ನು ಒಂದು ಹಿಡಿ ಸೆರಗಿಗೆ ಕಟ್ಟಿಕೊಂಡು ತಂದಿದ್ದಳು. ‘ಇದನ್ನೂ ನಿಮ್ಮ ಶೀಶೆದಾಗ ಹಾಕಿ ನೋಡ್ರಿ ಅಕ್ಕಾರ’ ಎಂದಳು. ಹೋಲಿಸಿ ನೋಡಲು ಒಂದು ಊರ ತಳಿ ಬೇಕೇ ಇತ್ತು, ಹಾಕಿದೆ.

ಫಲಿತಾಂಶ ಬಂತು. ಕೌಸಲ್ಯಾ ಎರಡನೇ ಸಾಲಿನಲ್ಲೇ ಕಂದಾಗಿ, ಮೂರನೆಯದರಲ್ಲಿ ಹುರಿದ ಕಾಫಿಪುಡಿಯ ಹಾಗೆ ಕಪ್ಪಾಯಿತು. ಜವೆ ಕೊನೆಯ ಸಾಲಿನಲ್ಲೂ ಹಳದಿಯಾಗಿ ಕೂತಿತ್ತು. ನಂಬದೆ ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ. ಫ್ಲಾಸ್ಕುಗಳನ್ನು ಟ್ರೇಯಲ್ಲಿಟ್ಟುಕೊಂಡು ಹೋಗಿ ಹಿರಿಯಣ್ಣ ಸರ್ ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ಹಣೆಗೇರಿಸಿ ನೋಡಿದರು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದರು.

‘ಇದು ಉಪ್ಪಿನಿಂದ ಸತ್ತದ್ದಲ್ಲಮ್ಮ ರಮಾಮಣಿ. ನಿನ್ನ ಕೈಯಿಂದ ಸತ್ತದ್ದು’ ಎಂದರು.

‘ಸರ್?’

‘ಈ ಕೆಲಸ ಮಗು ಸಾಕಿದ ಹಾಗೆ ಕಣಮ್ಮ. ಓದಿದ್ರೆ ಬರೋದಿಲ್ಲ, ಕೈಗುಣ ಬೇಕು. ನಿನಗಿಲ್ಲ ಅಂದ್ರೆ ಅದು ನಿನ್ನ ತಪ್ಪೂ ಅಲ್ಲ.’

‘ಅದೇ ಕೈ ಜವೆ ಗೋಧೀನ ಬದುಕಿಸಿದೆಯಲ್ಲ ಸರ್.’

‘ಕಾಡುಗಿಡಕ್ಕೆ ಯಾರ ಕೈಯಾದ್ರೇನು’ ಎಂದು ಟ್ರೇಯನ್ನು ನನ್ನ ಕಡೆ ತಳ್ಳಿದರು.

ಕೌಸಲ್ಯಾದ ಕೆಲಸ ನನ್ನಿಂದ ಕಿತ್ತು ವಿನೋದಿನಿಗೆ ಕೊಟ್ಟರು. ವಿನೋದಿನಿ ಆಗಷ್ಟೇ ಬಿ.ಎಸ್ಸಿ. ಮುಗಿಸಿ ಬಂದಿದ್ದ ಹುಡುಗಿ, ಕೇಂದ್ರದ ಪಕ್ಕದಲ್ಲೇ ಇದ್ದ ಉಡುಪಿ ಹೋಟೆಲಿನ ಕಾಂತಪ್ಪನವರ ಮಗಳು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಬರುತ್ತಿತ್ತು, ಆದರೆ ಮೆಟ್ಟಿಲಿಳಿಯುವ ಮುದುಕಿಯ ಹಾಗೆ ಒಂದೊಂದೇ ಪದ ಇಟ್ಟು ಮಾತಾಡುತ್ತಿದ್ದಳು. ಅಂಥವಳ ಕೈಯಲ್ಲಿ ಕೌಸಲ್ಯಾ ಉಬ್ಬಿದ ಇಡ್ಲಿಯ ಹಾಗೆ ಬೆಳೆಯಿತು. ಎರಡನೇ ಸಾಲಿನಲ್ಲೂ ಹಳದಿ, ಮೂರನೆಯದರಲ್ಲೂ ಹಳದಿ, ಕೆಲವದರಲ್ಲಿ ಹಸಿರು ಚುಕ್ಕೆ. ಸರ್ ಬಂದವರಿಗೆಲ್ಲ ಅವಳ ಕೈ ತೋರಿಸಿ, ‘ಕೈಗುಣ ಅಂದ್ರೆ ಇದು’ ಎನ್ನುತ್ತಿದ್ದರು. ನಾನು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದೆ.

ಆ ಹುಡುಗಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಬಂದು ಫ್ಲಾಸ್ಕಿಗೆ ಹಾಕುವ ಅಗರಿನ ಮೀಡಿಯಂ ಮಾಡಿಟ್ಟಿರುತ್ತಿದ್ದಳು. ಹೋಟೆಲಿನಿಂದ ಬರುವಾಗ ಕೈಯಲ್ಲೊಂದು ಸ್ಟೀಲ್ ಕ್ಯಾನು. ಸಾಹೇಬರಿಗೆ ಸಾಂಬಾರು ತಂದು ಕೌಸಲ್ಯಾ ಗಿಟ್ಟಿಸಿಕೊಂಡಳು ಎಂದು ನಾನು ಮನಸ್ಸಿನಲ್ಲೇ ಕುದಿಯುತ್ತಿದ್ದೆ. ಮನೆಯಲ್ಲಿ ಹೇಳಿಕೊಂಡರೆ ಅಮ್ಮ, ‘ನಿನ್ನ ಕೈಯಲ್ಲಿ ಹೆಪ್ಪು ಹಾಕಿದ್ರೆ ಬೆಳಿಗ್ಗೆ ಹಾಲು ಹಾಲಾಗೇ ಇರುತ್ತೆ, ಹಿರಿಯಣ್ಣನೋರು ಸುಳ್ಳು ಹೇಳ್ತಾರೇನೇ’ ಎಂದಳು. ಲೋಕಲ್ ರೈಲಿನಲ್ಲಿ ಕಂಬಿ ಹಿಡಿದು ನಿಂತಾಗ ನನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದೆ. ಅದರಲ್ಲಿ ಏನು ಕೊರತೆ ಎಂದು ತಿಳಿಯುತ್ತಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ದಿನ ಮಧ್ಯಾಹ್ನ ಕಾಂತಪ್ಪನವರ ಹೋಟೆಲಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಕಾಂತಪ್ಪ ನನ್ನನ್ನು ಕಂಡು ಸಂತೋಷದಿಂದ ಮಾತಿಗೆ ಶುರುಮಾಡಿದರು.

‘ಬನ್ನಿ ಮಾರಾಯ್ರೇ. ನಿಮ್ಮ ಗೋಧಿ ಹೇಗುಂಟು? ನಮ್ಮ ಕಾಯಿನೀರು ಕುಡಿದು ಜೋರು ಬೆಳೀತಾ ಉಂಟಂತೆ, ಹುಡುಗಿ ಹೇಳ್ತಾಳೆ.’

‘ಯಾವ ಕಾಯಿನೀರು?’

‘ಚಟ್ನಿಗೆ ಕಾಯಿ ಒಡೀತೇವಲ್ಲ. ಮೊದಲೆಲ್ಲ ಆ ನೀರು ಮೋರಿಗೆ ಹೋಗ್ತಿತ್ತು. ಈಗ ನಿಮ್ಮ ಡಾಕ್ಟ್ರು ಹೇಳಿದ್ದಾರೆ, ದಿನಾ ಸೋಸಿ ಒಂದು ಕ್ಯಾನು ಕಳಿಸ್ತೇನೆ. ದುಡ್ಡುಗಿಡ್ಡು ಬೇಡ ಅಂದೆ. ಗೋಧಿಗೂ ನಮ್ಮ ಹೋಟೆಲಿನ ಉಪಚಾರ, ಎಂತ ಹೇಳ್ತೀರಿ?’

ಅಷ್ಟರಲ್ಲಿ ಎದುರಿಗೆ ಬಂದಿದ್ದ ಇಡ್ಲಿ ಹಾಗೇ ಬಿಟ್ಟು ಎದ್ದೆ.

ತೆಂಗಿನಕಾಯಿಯ ನೀರು ಮೀಡಿಯಂಗೆ ಹಾಕುವುದು ಹೊಸದಲ್ಲ. ಈ ಕೆಲಸ ಮಾಡುವವರಿಗೆಲ್ಲ ಗೊತ್ತು, ಕಾಯಿಯೊಳಗಿನ ಕುಡಿಯನ್ನು ಸಾಕುವ ನೀರು ಅದು, ಸೊರಗಿದ ಗಂಟಿಗೆ ಹಾಕಿದರೆ ಚೇತರಿಸಿಕೊಳ್ಳುತ್ತದೆ. ಹಾಕುವುದಾದರೆ ಎಲ್ಲ ತಳಿಗೂ ಹಾಕಬೇಕು. ಒಬ್ಬನಿಗೆ ಹಾಲು ತುಪ್ಪ, ಇನ್ನೊಬ್ಬನಿಗೆ ಬರೀ ಗಂಜಿ ಕೊಟ್ಟು, ಇಬ್ಬರನ್ನೂ ಓಟಕ್ಕೆ ನಿಲ್ಲಿಸಿ, ಗೆದ್ದವನ ಕಾಲು ನೋಡಿ ಎನ್ನುವುದು ಪರೀಕ್ಷೆಯಲ್ಲ, ಮೋಸ. ಅದನ್ನು ಮುಚ್ಚಲು ನನ್ನ ಕೈಗೆ ಕೆಟ್ಟ ಹೆಸರು ಹಚ್ಚಿದರು. ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದೆ.

ವಿನೋದಿನಿ ಒಬ್ಬಳೇ ಇದ್ದಳು. ಕೇಳಿದೆ. ಅವಳು ಕಣ್ಣು ಬಿಟ್ಟುಕೊಂಡು ನಿಂತಳು.

‘ನಿಮ್ಮದರಲ್ಲಿ ಕೂಡ ಹಾಕ್ತಾರೆ ಅಲ್ಲ ದೀದಿ? ಸರ್ ಹೇಳಿದ್ರು ಸಬ್ ಮೇ ಡಾಲ್ತೇ ಹೈ ಅಂತ. ನೀವು ನಿಮ್ಮದು ಮಾಡ್ತೀರಿ, ನಾನು ನನ್ನದು ಮಾಡ್ತೇನೆ. ನಾನು ಹೇಗೆ ನೋಡೋದು?’

‘ನನ್ನದರಲ್ಲಿ ಒಂದು ಹನಿಯೂ ಇಲ್ಲ.’

ಅವಳು ತನ್ನ ಕೈ ನೋಡಿಕೊಂಡಳು. ಅವಳ ಮೇಲಿದ್ದ ನನ್ನ ಅಸೂಯೆ ಅಲ್ಲೇ ಅರ್ಧ ಇಳಿಯಿತು. ಇಳಿದ ಅರ್ಧವೂ ಸಿಟ್ಟಾಗಿ ಸರ್ ಕಡೆ ತಿರುಗಿತು.

ಹಿರಿಯಣ್ಣ ನನ್ನ ಮಾತನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ಆ ಸಮಾಧಾನವೇ ನನ್ನನ್ನು ಹೆಚ್ಚು ಕೆರಳಿಸಿತು.

‘ನೋಡಮ್ಮ, ಬಡಕಲು ಮಗುವಿಗೆ ತಾಯಿ ಒಂದು ಮಿಳ್ಳೆ ತುಪ್ಪ ಜಾಸ್ತಿ ಬಡಿಸ್ತಾಳೆ. ಅದನ್ನ ಮೋಸ ಅಂತಾರಾ?’

‘ಬಡಿಸಲಿ ಸರ್. ಆಮೇಲೆ ಅದೇ ಮಗುವನ್ನ ಅಖಾಡಕ್ಕೆ ನಿಲ್ಲಿಸಿ, ಹುಟ್ಟಾ ಪೈಲ್ವಾನ ಅಂತ ಊರಿಗೆಲ್ಲ ಹೇಳಬಾರದು. ಈರಣ್ಣನ ಹೊಲದಲ್ಲಿ ಯಾರು ದಿನಾ ಕಾಯಿ ಒಡೆದು ನೀರು ಹಾಕ್ತಾರೆ?’

‘ಹೊಲದ ಮಾತು ನಿನಗೆ ಬೇಡ. ಹೊಲದಲ್ಲಿ ಮಣ್ಣಿದೆ, ಗೊಬ್ಬರ ಇದೆ, ದೇವರಿದ್ದಾನೆ.’

‘ಉಪ್ಪೂ ಇದೆ ಸರ್. ಜವೆಗೂ ಕಾಯಿನೀರು ಹಾಕಿ, ಇಲ್ಲ ಎರಡಕ್ಕೂ ಬಿಟ್ಟು ನೋಡೋಣ.’

ಅವರು ಎದ್ದು ಬಾಗಿಲು ತೆರೆದರು. ‘ಶಾಮಣ್ಣನ ಮಗಳು ಅಂತ ಒಳಗೆ ಸೇರಿಸಿಕೊಂಡೆ. ದಸರೆ ಮುಗಿಯೋ ತನಕ ಕಲ್ಚರ್ ರೂಮಿಗೆ ಕಾಲಿಡಬೇಡ. ಬೀಜದ ಡಬ್ಬಿಗಳಿಗೆ ಚೀಟಿ ಅಂಟಿಸ್ಕೊಂಡಿರು’ ಎಂದರು.

ಅಂದು ಸಂಜೆ ಅಪ್ಪ ನನ್ನ ಮಾತು ಮುಗಿಯುವುದಕ್ಕೂ ಬಿಡಲಿಲ್ಲ. ಆಗಲೇ ಅವರಿಗೆ ಫೋನು ಹೋಗಿತ್ತು.

‘ಅವರ ಉಪ್ಪು ತಿಂತಾ ಇದೀಯ. ಉಂಡ ಮನೆಗೆ ಎರಡು ಬಗೀಬೇಡ.’

‘ನಮ್ಮ ಮನೆ ಉಪ್ಪು ಅವರೂ ತಿಂದಿದ್ದಾರಪ್ಪ. ತಿಂಗಳಿಗೊಂದು ಭಾನುವಾರ, ಎರಡೆರಡು ಸಲ ಬಡಿಸಿಕೊಂಡು.’

ಅಪ್ಪ ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅಮ್ಮ ಒಳಗಿನಿಂದ, ಹೆಣ್ಣುಮಕ್ಕಳಿಗೆ ಇಷ್ಟು ನಾಲಿಗೆ ಇರಬಾರದು ಎಂದಳು. ನನಗೆ ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆಮೇಲಿನ ದಿನಗಳಲ್ಲಿ ಚೀಟಿ ಅಂಟಿಸುತ್ತ ಕೂತೆ. ವಿನೋದಿನಿ ನನ್ನ ಮುಂದೆಯೇ ದಿನವೂ ಅದೇ ಕ್ಯಾನು ಹಿಡಿದು ಒಳಗೆ ಹೋಗುತ್ತಿದ್ದಳು. ನಿಜ ಗೊತ್ತಾದ ಮೇಲೂ ಕ್ಯಾನು ಬಿಡಲಿಲ್ಲವಲ್ಲ ಎಂದು ನಾನು ಅವಳ ಜೊತೆ ಮಾತು ಬಿಟ್ಟೆ. ಒಂದೆರಡು ಸಲ ‘ದೀದಿ’ ಎಂದು ಹತ್ತಿರ ಬಂದಳು, ನಾನು ಮುಖ ತಿರುಗಿಸಿದೆ. ಮಲ್ಲವ್ವ ಮಾತ್ರ ಬಂದು ಬಂದು ಕೇಳುತ್ತಿದ್ದಳು. ‘ತಮ್ಮ ಹೇಳಿ ಕಳಿಸ್ಯಾನ್ರಿ ಅಕ್ಕಾರ. ಸಾಹೇಬ್ರ ಬೀಜ ಹಾಕಿದ್ರ ಜವೆ ಹಾಕಾಕ ಹೊಲ ಉಳಿಯಂಗಿಲ್ಲ, ಇರೂದು ಅದೊಂದ ಹೊಲ. ಯಾವುದು ಹಾಕ್ಲಿ ಅಂತ ಕೇಳ್ಯಾನ.’ ಅವನಿಗೆ ನನ್ನ ಮಾತು ಸಾಲದು ಎಂದು ನನಗೆ ಗೊತ್ತಿತ್ತು. ಊರಿಗೆ ಟ್ರಸ್ಟಿನವರ ಜೀಪು ಬರುತ್ತದೆ, ಡಾಕ್ಟರು ಹೇಳಿದ್ದಾರೆ ಎನ್ನುತ್ತದೆ. ಚೀಟಿ ಅಂಟಿಸುವ ಹುಡುಗಿ ಬೇಡ ಅಂದಳು ಎಂದರೆ ಯಾರು ಕೇಳುತ್ತಾರೆ? ಜವೆ ಸಾಕು ಅಂತ ಹೇಳು ಎಂದೆ. ಅವಳು ಸುಮ್ಮನೆ ತಲೆಯಾಡಿಸಿ ಹೋದಳು.

ಆಯುಧಪೂಜೆಯ ದಿನ ಟ್ರಸ್ಟಿಗಳು ಬರುವುದಿತ್ತು. ಮುಂಬಯಿಯಲ್ಲಿದ್ದರೂ ಸರ್ ಮೈಸೂರಿನ ದಸರೆ ಬಿಟ್ಟವರಲ್ಲ. ವರ್ಷವಿಡೀ ಕೈಗೆ ಸ್ಪಿರಿಟ್ ಹಚ್ಚಿಕೊಂಡು, ಗಾಳಿ ಸೋಸಿ, ಉಸಿರು ಬಿಗಿಹಿಡಿದು ಕೆಲಸ ಮಾಡುವ ಜಾಗದಲ್ಲಿ ಅಂದು ಅಗರಬತ್ತಿ, ಫ್ಲಾಸ್ಕುಗಳನ್ನು ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿನ ಮೂತಿಗೆ ಕುಂಕುಮ, ಮೈಕ್ರೋಸ್ಕೋಪಿಗೆ ಸೇವಂತಿಗೆ. ಅದನ್ನು ಕಂಡರೇ ನನಗೆ ರೇಗುತ್ತಿತ್ತು. ಆ ವರ್ಷ ನಾನು ಬೇರೆ ಸಿದ್ಧತೆ ಮಾಡಿಕೊಂಡಿದ್ದೆ. ಟ್ರಸ್ಟಿಗಳ ಮುಂದೆ ಹೇಳಬೇಕಾದ ನಾಲ್ಕು ಮಾತನ್ನು ಹಿಂದಿಯಲ್ಲಿ ಜೋಡಿಸಿಕೊಂಡು, ಲೋಕಲ್ಲಿನಲ್ಲಿ ತುಟಿ ಅಲ್ಲಾಡಿಸಿಕೊಂಡು ಬಂದಿದ್ದೆ. ಕೆಲಸ ಹೋದರೆ ಹೋಗಲಿ.

ಮೂವರು ಟ್ರಸ್ಟಿಗಳು ಕುರ್ಚಿಯಲ್ಲಿ ಕೂತರು. ಅವರಲ್ಲಿ ಹಿರಿಯರು ಒಬ್ಬ ಗುಜರಾತಿ ಸೇಠ್, ಸದಾ ನಗುಮುಖ. ಮುಂದಿನ ಕೋಣೆಗೆ ವಿನೋದಿನಿ, ಮಲ್ಲವ್ವ ಟ್ರಾಲಿ ತಂದು ನಿಲ್ಲಿಸಿದ್ದರು, ಫ್ಲಾಸ್ಕುಗಳ ಮೇಲೆ ಕೆಂಪು ಬಟ್ಟೆ. ಸರ್ ಮಂಗಳಾರತಿ ಮಾಡಿ, ಟ್ರಾಲಿಯ ಮುಂದೆ ಕಾಯಿ ಒಡೆದರು. ನೀರು ತಟ್ಟೆಗೆ ಸುರಿಯಿತು. ಒಂದು ಹೋಳು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಬಟ್ಟೆ ಎಳೆದರು.

ಕೌಸಲ್ಯಾ ಸತ್ತಿತ್ತು. ಎರಡನೇ ಸಾಲು ಕಂದು, ಮೂರನೆಯದು ಕಪ್ಪು, ನನ್ನ ಕೈಯಲ್ಲಿ ಸತ್ತ ಹಾಗೆಯೇ. ಅದರ ಪಕ್ಕದಲ್ಲಿ ಯಾರೋ ಜವೆಯ ಫ್ಲಾಸ್ಕುಗಳನ್ನು ತಂದಿಟ್ಟಿದ್ದರು. ಅವುಗಳಲ್ಲಿ ಹಸಿರು ಚುಕ್ಕೆ ದಾಟಿ ಸಣ್ಣ ಎಲೆ ತಲೆ ಎತ್ತಿತ್ತು.

ಸರ್ ಕೈಯಲ್ಲಿದ್ದ ಹೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ವಿನೋದಿನಿಯ ಕಡೆ ತಿರುಗಿದರು.

‘ಏನಮ್ಮ ಇದು? ಏನಾಯ್ತು ನಿನ್ನ ಕೈಗೆ?’

ವಿನೋದಿನಿ ಒಂದೊಂದೇ ಪದ ಇಟ್ಟು ಹೇಳಿದಳು. ‘ಕೈ ಅದೇ ಸರ್. ಕಾಯಿನೀರು ಮಾತ್ರ ಎರಡಕ್ಕೂ ಹಾಕಿಲ್ಲ.’

‘ದಿನಾ ಕ್ಯಾನು ತರ್ತಿದ್ದೆಯಲ್ಲ?’

‘ತರ್ತಿದ್ದೆ. ನಾನು ಮತ್ತೆ ಮಲ್ಲವ್ವ ಕುಡಿದ್ವಿ.’

ನಾನು ಮುಖ ತಿರುಗಿಸಿದಾಗಲೆಲ್ಲ ಆ ಹುಡುಗಿ ಇದನ್ನೇ ಹೇಳಲು ಬಂದಿದ್ದಳು.

ಸೇಠ್ ಕನ್ನಡ ಬಾರದೆ ಆಚೀಚೆ ನೋಡಿ, ‘ಕ್ಯಾ ಹುವಾ ಡಾಕ್ಟರ್ ಸಾಬ್?’ ಎಂದರು. ಸರ್ ತಕ್ಷಣ ಇಂಗ್ಲಿಷಿಗೆ ಹೊರಳಿದರು. ಕರೆಂಟು ಹೋಗಿ ಎ.ಸಿ. ಕೈಕೊಟ್ಟಿತು, ಒಂದು ಬ್ಯಾಚು ಕೆಟ್ಟಿದೆ, ಹುಡುಗಿಯರು ಹೊಸಬರು, ಬೀಜ ಹಂಚುವುದಕ್ಕೆ ಏನೂ ಅಡ್ಡಿಯಿಲ್ಲ ಎಂದರು. ಅದೇ ಟ್ರಾಲಿಯಲ್ಲಿ, ಅದೇ ಎ.ಸಿ.ಯಲ್ಲಿ ಜವೆ ಹಸಿರಾಗಿ ನಿಂತಿರುವಾಗ ಹಾಗೆ ಹೇಳಲು ಅವರಿಗೆ ನಾಲಿಗೆ ತಡವರಿಸಲಿಲ್ಲ. ಟ್ರಸ್ಟಿಗಳು ತಲೆಯಾಡಿಸಿದರು. ಒಬ್ಬರು ಪ್ರಸಾದಕ್ಕೆ ಕೈಚಾಚಿದರು.

ಆಗ ಬಾಗಿಲಲ್ಲಿ ನಿಂತಿದ್ದ ಮಲ್ಲವ್ವ ಒಳಗೆ ಬಂದಳು. ತಲೆಯ ಮೇಲೆ ಸೆರಗು, ಕೈ ಇನ್ನೂ ಒದ್ದೆ.

‘ಸಾಹೇಬ್ರ, ನಾಳೆ ನಾ ಊರಿಗೆ ಹೊಂಟೇನ್ರಿ. ನಮ್ಮ ತಮ್ಮಗ ಇರೂದು ಒಂದ ಹೊಲ. ನಿಮ್ಮ ಬೀಜ ಹಾಕ್ಲ್ಯೋ, ನಮ್ಮದ ಹಾಕ್ಲ್ಯೋ? ನೀವ ಹೇಳ್ರಿ. ನೀವು ಹೇಳಿದ್ದ ಹೇಳ್ತೇನಿ.’

ಸರ್ ಅವಳನ್ನು ನೋಡಿದರು, ಫ್ಲಾಸ್ಕುಗಳನ್ನು ನೋಡಿದರು. ತಾಯಿಯ ಹೆಸರು ಬರೆದ ಸಾಲಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಅವರು ಏನೂ ತಿಳಿಯದವರಲ್ಲ, ನಮ್ಮೆಲ್ಲರಿಗಿಂತ ಮೊದಲು ತಿಳಿದವರು. ಮಲ್ಲವ್ವನ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಲು ಅವರಿಂದ ಆಗಲಿಲ್ಲ ಎಂದು ಕಾಣುತ್ತದೆ.

‘ನಿಮ್ಮದನ್ನೇ ಹಾಕಲಿ. ಕೌಸಲ್ಯಾ ಆ ಹೊಲದಲ್ಲಿ ಬದುಕೋದಿಲ್ಲ’ ಎಂದು ಮೆಲ್ಲಗೆ ಕನ್ನಡದಲ್ಲಿ ಹೇಳಿದರು.

ಮಲ್ಲವ್ವ ಕೈ ಮುಗಿದಳು. ಸರ್ ಟ್ರಸ್ಟಿಗಳ ಕಡೆ ತಿರುಗಿ, ಮತ್ತೆ ಇಂಗ್ಲಿಷಿನಲ್ಲಿ, ಈಕೆ ರಜೆ ಕೇಳುತ್ತಿದ್ದಾಳೆ ಎಂದರು. ಎಲ್ಲರೂ ನಕ್ಕರು. ಜೀಪುಗಳು ಯಾವತ್ತು ಹೊರಡುತ್ತವೆ ಎಂದು ಸೇಠ್ ಕೇಳಿದರು, ಬರುವ ಸೋಮವಾರ ಎಂದು ಸರ್ ಹೇಳಿದರು. ಈರಣ್ಣ ಒಬ್ಬ ಉಳಿದುಕೊಂಡ. ಅಕ್ಕ ಮುಂಬಯಿಯಲ್ಲಿ ಫ್ಲಾಸ್ಕು ತೊಳೆಯದವರ ಹೊಲಗಳಿಗೆ ಕೌಸಲ್ಯಾ ಹೋಗುತ್ತದೆ.

ಜೋಡಿಸಿಕೊಂಡು ಬಂದಿದ್ದ ನಾಲ್ಕು ಮಾತು ನನಗೆ ಮರೆತುಹೋಗಿದ್ದವು. ಅವು ಬೇಕಾಗಲೂ ಇಲ್ಲ. ಟ್ರಾಲಿಯ ಪಕ್ಕಕ್ಕೆ ಹೋಗಿ ನಿಂತು, ಸರ್ ಮಲ್ಲವ್ವನಿಗೆ ಹೇಳಿದ್ದನ್ನು ಹಿಂದಿಯಲ್ಲಿ ಸೇಠ್‌ಗೆ ಹೇಳಿದೆ. ಸರ್ ನನ್ನ ಹೆಸರು ಹಿಡಿದು ಕರೆದರು, ಅಪ್ಪನ ಹೆಸರನ್ನೂ ಸೇರಿಸಿ. ಸೇಠ್ ಕೈಯಲ್ಲಿದ್ದ ಪ್ರಸಾದ ಕೆಳಗಿಟ್ಟು, ಮತ್ತೊಮ್ಮೆ ಹೇಳಮ್ಮ ಎಂದರು. ಒಂದು ಪದವನ್ನೂ ಬಿಡದೆ ಮತ್ತೊಮ್ಮೆ ಹೇಳಿದೆ.